ರಸೆಲ್ ವಿಲ್ಸನ್: ಕಾಲೇಜ್ ಬೇಸ್‌ಬಾಲ್‌ನಿಂದ ಸೂಪರ್ ಬೌಲ್‌ವರೆಗೆ – ಪದೇ ಪದೇ ಕೇಳುವ ಪ್ರಶ್ನೆಗಳು

ರಸೆಲ್ ವಿಲ್ಸನ್ ಯಾರು?

ಅಮೆರಿಕನ್ ಫುಟ್‌ಬಾಲ್ ಆಟಗಾರ, ಕ್ವಾರ್ಟರ್‌ಬ್ಯಾಕ್. ಹುಟ್ಟಿದ್ದು 1988ರ ನವೆಂಬರ್ 29ಕ್ಕೆ ಒಹಾಯೊದ ಸಿನ್ಸಿನಾಟಿಲಿ, ಬೆಳೆದಿದ್ದು ವರ್ಜೀನಿಯಾದ ರಿಚ್ಮಂಡ್‌ನಲ್ಲಿ. 2012ರಿಂದ 2021ರವರೆಗೆ ಹತ್ತು ಸೀಸನ್ ಸಿಯಾಟಲ್ ಸೀಹಾಕ್ಸ್‌ಗೆ ಆಡ್ದ, ಒಂದು ಸೂಪರ್ ಬೌಲ್ (ಅಲ್ಲಿನ ಫುಟ್‌ಬಾಲ್ ಲೀಗಿನ ಫೈನಲ್) ಗೆದ್ದ, ಇನ್ನೊಂದನ್ನ ಒಂದು ಗಜದ ದೂರದಲ್ಲಿ ಕಳ್ಕೊಂಡ. ಸಿಯಾಟಲ್, ಬೆಲ್‌ವ್ಯೂ, ರೆಡ್ಮಂಡ್ ಕಡೆ ಕೆಲಸಕ್ಕೆ ಹೋಗಿರೋ ನಮ್ಮ ಕನ್ನಡದವ್ರಿಗೆ ಈ ಹೆಸರು ಚೆನ್ನಾಗೇ ಗೊತ್ತಿರತ್ತೆ, ಆ ಊರಲ್ಲಿ ಸೀಸನ್ ಶುರುವಾದ್ರೆ ಎಲ್ಲಿ ನೋಡಿದ್ರೂ 12 ನಂಬರಿನ ಬಾವುಟ, ಅದು ಯಾವ ಆಟಗಾರನದ್ದೂ ಅಲ್ಲ, ಅಭಿಮಾನಿಗಳದ್ದು. ವಿಲ್ಸನ್ ನಂಬರ್ 3.

ಆದ್ರೆ ಈ ಪುಟ ಬರೆಯೋಕೆ ಕಾರಣ ಅವನ ಬೇಸ್‌ಬಾಲ್. ಅವ್ನು ಕಾಲೇಜಲ್ಲಿ ಬೇಸ್‌ಬಾಲ್ ಆಡಿ, ಆಮೇಲೆ ಎರಡು ಬೇಸಿಗೆ ದುಡ್ಡಿಗೇ ಬೇಸ್‌ಬಾಲ್ ಆಡಿ, ಆಮೇಲೆ ಎನ್‌ಎಫ್‌ಎಲ್‌ಗೆ, ಅಂದ್ರೆ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್‌ಗೆ, ಬಂದವ್ನು. ಬಹಳ ಜನ ಆ ವರ್ಷಗಳನ್ನ ವೇಸ್ಟ್ ಅಂತ ಪಕ್ಕಕ್ಕೆ ಸರಿಸ್ತಾರೆ. ನಾನು ಒಪ್ಪಲ್ಲ, ಯಾಕೆ ಅಂತ ಕೆಳಗೆ ಹೇಳಿದೀನಿ.

ಫುಟ್‌ಬಾಲ್ ಅಂದ್ರೆ ಮೆಸ್ಸಿ ಆಡೋದೇ ಅಲ್ವಾ?

ಅಲ್ಲ. ಇದು ಹೆಲ್ಮೆಟ್, ಪ್ಯಾಡ್ ಹಾಕ್ಕೊಂಡು, ಮೊಟ್ಟೆ ಆಕಾರದ ಚೆಂಡನ್ನ ಕೈಯಲ್ಲಿ ಹಿಡ್ಕೊಂಡು ಆಡೋ ಆಟ. ಪ್ರತಿ ಸಲ ಚೆಂಡು ಮೊದಲು ಕ್ವಾರ್ಟರ್‌ಬ್ಯಾಕ್ ಕೈಗೆ ಬರತ್ತೆ, ಅವ್ನು ಎರಡು ಮೂರು ಸೆಕೆಂಡಲ್ಲಿ ಯಾರಿಗೆ ಎಸೀಬೇಕು, ಯಾರ ಕೈಗೆ ಕೊಡಬೇಕು, ಇಲ್ಲಾ ತಾನೇ ಓಡಬೇಕಾ ಅಂತ ತೀರ್ಮಾನ ಮಾಡಬೇಕು, ಅಷ್ಟರಲ್ಲಿ 130 ಕೆಜಿ ತೂಕದ ನಾಲ್ಕೈದು ಜನ ಅವನನ್ನ ಕೆಡವೋಕೆ ನುಗ್ಗಿ ಬರ್ತಿರ್ತಾರೆ. ಇಷ್ಟು ಗೊತ್ತಿದ್ರೆ ಈ ಪುಟಕ್ಕೆ ಸಾಕು.

ಬೇಸ್‌ಬಾಲ್‌ನಲ್ಲಿ ಅವ್ನು ಏನಾಗಿ ಆಡ್ತಿದ್ದ?

ಮುಖ್ಯವಾಗಿ ಸೆಕೆಂಡ್ ಬೇಸ್‌ಮನ್, ಅಂದ್ರೆ ಬ್ಯಾಟರ್ ಸುತ್ತಿ ಓಡೋ ನಾಲ್ಕು ಬೇಸ್‌ಗಳಲ್ಲಿ (ಮೂಲೆಗಳಲ್ಲಿ) ಎರಡನೇದರ ಹತ್ರ ನಿಲ್ಲೋವ್ನು. ಬ್ಯಾಟರ್ ಹೊಡೆದ ಚೆಂಡು ನೆಲದಲ್ಲಿ ಉರುಳ್ಕೊಂಡು ಬಂದ್ರೆ ಬಗ್ಗಿ ಎತ್ಕೊಂಡು ಫಸ್ಟ್ ಬೇಸ್‌ಗೆ ಎಸೆಯೋದು, ಡಬಲ್ ಪ್ಲೇ (ಒಂದೇ ಹೊಡೆತಕ್ಕೆ ಇಬ್ರನ್ನ ಔಟ್) ಮಾಡೋದು, ಇದೆಲ್ಲ ಅವನ ಕೆಲಸ. ಜಾಗ ನೆನಪಿಟ್ಕೊಳ್ಳಿ, ಮುಂದೆ ಬೇಕಾಗತ್ತೆ.

ಮನೇಲಿ ಯಾರಾದ್ರೂ ಆಟಗಾರರಿದ್ರಾ?

ಅಪ್ಪ ಹ್ಯಾರಿಸನ್ ವಿಲ್ಸನ್ ಡಾರ್ಟ್‌ಮತ್ ಕಾಲೇಜಲ್ಲಿ ಇದೇ ಎರಡು ಆಟ ಆಡಿದವ್ರು, 1980ರಲ್ಲಿ ಸ್ಯಾನ್ ಡಿಯಾಗೊ ಚಾರ್ಜರ್ಸ್ ಟೀಮಿನ ಪ್ರಿ-ಸೀಸನ್‌ವರೆಗೂ ಹೋಗಿದ್ರು, ಆದ್ರೆ ಟೀಮಲ್ಲಿ ಉಳೀಲಿಲ್ಲ, ಲಾಯರ್ ಆದ್ರು. ತಾತ ನಾರ್ಫೋಕ್ ಸ್ಟೇಟ್ ಯೂನಿವರ್ಸಿಟಿಗೆ 1975ರಿಂದ 1997ರವರೆಗೆ ಅಧ್ಯಕ್ಷರಾಗಿದ್ದವ್ರು. ತಂಗಿ ಆನಾ ಸ್ಟ್ಯಾನ್‌ಫರ್ಡ್‌ಗೆ ಬ್ಯಾಸ್ಕೆಟ್‌ಬಾಲ್ ಆಡಿ 2021ರಲ್ಲಿ ರಾಷ್ಟ್ರೀಯ ಚಾಂಪಿಯನ್ ಆದ್ಲು. ಅಂದ್ರೆ ಓದು ಮತ್ತೆ ಆಟ ಎರಡನ್ನೂ ಒಟ್ಟಿಗೆ ಸಂಭಾಳಿಸೋದು ಈ ಮನೆಯಲ್ಲಿ ಮೊದಲಿಂದ್ಲೂ ಇದ್ದದ್ದೇ. ಮಗ ಡಿಗ್ರಿನ ಮೂರೇ ವರ್ಷದಲ್ಲಿ ಮುಗಿಸಿದ್ದು ನನಗಂತೂ ಆಶ್ಚರ್ಯ ಅನ್ಸಲ್ಲ, ಮತ್ತೆ ಆ ಡಿಗ್ರಿನೇ ಅವನ ಕೆರಿಯರ್ ಉಳಿಸಿದ್ದು.

ಹೈಸ್ಕೂಲ್ ಮುಗಿದಾಗ್ಲೇ ಬೇಸ್‌ಬಾಲ್‌ಗೆ ಸೇರಬಹುದಿತ್ತಂತೆ, ನಿಜಾನಾ?

ನಿಜ. 2007ರಲ್ಲಿ ಬಾಲ್ಟಿಮೋರ್ ಓರಿಯೋಲ್ಸ್ ಅನ್ನೋ ಬೇಸ್‌ಬಾಲ್ ಟೀಮ್ ಅವನನ್ನ ಡ್ರಾಫ್ಟಲ್ಲಿ (ಟೀಮ್‌ಗಳು ಸರದಿ ಪ್ರಕಾರ ಹೊಸ ಆಟಗಾರರನ್ನ ಆರಿಸ್ಕೊಳ್ಳೋದು) 41ನೇ ರೌಂಡಲ್ಲಿ ಆರಿಸಿತ್ತು. 41ನೇ ರೌಂಡ್ ಕೇಳಿದ್ರೆ ಕಡೆಗಣಿಸಿದ್ರು ಅನ್ಸತ್ತೆ, ಆದ್ರೆ ಬೇಸ್‌ಬಾಲ್ ಡ್ರಾಫ್ಟ್ ಆಗ 50 ರೌಂಡ್ ನಡೀತಿತ್ತು, ಮತ್ತೆ ಈ ಹುಡುಗ ಹೇಗೂ ಕಾಲೇಜಿಗೆ ಹೋಗ್ತಾನೆ ಅಂತ ಗೊತ್ತಿದ್ರೆ ಟೀಮ್‌ಗಳು ಮೇಲಿನ ರೌಂಡ್ ಖರ್ಚು ಮಾಡಲ್ಲ. ಅವ್ನು ನಾರ್ತ್ ಕ್ಯಾರೊಲೈನಾದ ರಾಲೀ ಊರಲ್ಲಿರೋ ಎನ್‌ಸಿ ಸ್ಟೇಟ್ ಯೂನಿವರ್ಸಿಟಿಗೆ ಹೋದ, ಯಾಕಂದ್ರೆ ಅಲ್ಲಿ ಎರಡೂ ಆಟ ಆಡೋಕೆ ಅವಕಾಶ ಇತ್ತು.

ಒಂದೇ ಕಾಲೇಜಲ್ಲಿ ಎರಡು ಆಟ ಆಡೋದು ಹೇಗೆ ಸಾಧ್ಯ?

ಕ್ಯಾಲೆಂಡರ್ ಅರ್ಧ ಸಹಾಯ ಮಾಡತ್ತೆ. ಕಾಲೇಜ್ ಫುಟ್‌ಬಾಲ್ ಸೆಪ್ಟೆಂಬರಿಂದ ಡಿಸೆಂಬರ್, ಬೇಸ್‌ಬಾಲ್ ಫೆಬ್ರವರಿಯಿಂದ ಜೂನ್, ಹಾಗಾಗಿ ಮ್ಯಾಚ್‌ಗಳು ಒಂದರ ಮೇಲೊಂದು ಬೀಳಲ್ಲ. ತೊಂದರೆ ಇರೋದು ಪ್ರಾಕ್ಟೀಸಲ್ಲಿ. ಫುಟ್‌ಬಾಲ್ ಟೀಮ್ ಮಾರ್ಚ್-ಏಪ್ರಿಲಲ್ಲಿ ವಸಂತದ ಪ್ರಾಕ್ಟೀಸ್ ಇಟ್ಕೊಳತ್ತೆ, ಹೊಸ ಪ್ಲೇಗಳನ್ನ ಕಲಿಸೋದು ಆಗ್ಲೇ, ಆ ಟೈಮಲ್ಲಿ ಬೇರೆ ಯಾರಾದ್ರೂ ಇಲ್ದಿದ್ರೂ ನಡೆಯತ್ತೆ, ಕ್ವಾರ್ಟರ್‌ಬ್ಯಾಕೇ ಬೇಸ್‌ಬಾಲ್ ಗ್ರೌಂಡಲ್ಲಿ ಇದ್ರೆ ಕೋಚ್‌ಗೆ ತಲೆಬಿಸಿ ಆಗದೇ ಇರತ್ತಾ?

ಮೊದಲ ಮೂರು ವರ್ಷ ಆ ತಲೆಬಿಸಿನ ಅವನ ಆಟ ಮುಚ್ಚಿಬಿಡ್ತು. ಒಂದು ವರ್ಷ ಕೂತು ಕಾದು, 2008ರಲ್ಲಿ ಆಡೋಕೆ ಶುರು ಮಾಡಿದ ವರ್ಷವೇ ಎಸಿಸಿ ಅನ್ನೋ ಕಾನ್ಫರೆನ್ಸಿನ (ಕಾಲೇಜ್ ಟೀಮ್‌ಗಳ ಗುಂಪು) ಫಸ್ಟ್ ಟೀಮ್, ಅಂದ್ರೆ ಆ ವರ್ಷದ ಅತ್ಯುತ್ತಮ, ಕ್ವಾರ್ಟರ್‌ಬ್ಯಾಕ್ ಆದ, ಹೊಸ ಹುಡುಗನೊಬ್ಬ ಹಾಗೆ ಆಗಿದ್ದು ಆ ಕಾನ್ಫರೆನ್ಸಲ್ಲಿ ಅದೇ ಮೊದಲು. ಆ ಸೀಸನ್ನಿಂದ ಮುಂದಿನ ಸೀಸನ್‌ವರೆಗೆ ಸತತವಾಗಿ 379 ಪಾಸ್ ಎಸೆದ್ರೂ ಒಂದೂ ಎದುರಾಳಿ ಕೈಗೆ ಸಿಗಲಿಲ್ಲ, ಆಗ ಅದು ಕಾಲೇಜ್ ಫುಟ್‌ಬಾಲ್‌ನ ದಾಖಲೆ. ಜೊತೆಗೆ 2010ರ ಮೇ ತಿಂಗಳಿಗೆ ಕಮ್ಯುನಿಕೇಶನ್ ಡಿಗ್ರಿನೂ ಕೈಗೆ ಬಂತು.

2010ರ ಜೂನಲ್ಲಿ ಏನಾಯ್ತು?

ಜೂನ್ 8ಕ್ಕೆ ಕೊಲರಾಡೊ ರಾಕೀಸ್ ಅನ್ನೋ ಬೇಸ್‌ಬಾಲ್ ಟೀಮಿನವ್ರು ಅವನನ್ನ ನಾಲ್ಕನೇ ರೌಂಡಲ್ಲಿ, ಒಟ್ಟು 140ನೇ ಆಯ್ಕೆಯಾಗಿ ತಗೊಂಡ್ರು. ಜೂನ್ 9ಕ್ಕೆ ಅಪ್ಪ ತೀರ್ಕೊಂಡ್ರು. ಡಯಾಬಿಟೀಸ್‌ನಿಂದ ಬಂದ ತೊಂದರೆಗಳು, ವಯಸ್ಸು 55.

ತಾನು ಆಡಿದ ಎರಡು ಆಟದಲ್ಲಿ ಒಂದರಲ್ಲಿ ಮಗ ಪ್ರೊಫೆಶನಲ್ ಆದ ಅಂತ ಗೊತ್ತಾದ ಮಾರನೇ ದಿನ ಅಪ್ಪ ಇಲ್ಲ. ವಿಲ್ಸನ್ ಈ ಎರಡು ದಿನದ ಬಗ್ಗೆ ಎಷ್ಟೋ ಸಲ ಮಾತಾಡಿದಾನೆ. ಚಿಕ್ಕವನಿದ್ದಾಗ ಅಪ್ಪ 'ನೀನೇ ಯಾಕಾಗಬಾರ್ದು' ಅಂತ ಕೇಳ್ತಿದ್ರಂತೆ, ಅದನ್ನೇ ಹೆಸರಾಗಿಟ್ಟು 2014ರಲ್ಲಿ 'ವೈ ನಾಟ್ ಯು' ಅನ್ನೋ ಫೌಂಡೇಶನ್ ಶುರು ಮಾಡ್ದ. ಎರಡೂ ಆಟ ಬಿಡದೇ ಹಿಡ್ಕೊಂಡಿದ್ದಕ್ಕೆ ಜನ ಹಟ ಅಂತಾರೆ, ನನಗೆ ಅದರಲ್ಲಿ ಅಪ್ಪನ ಪಾಲು ಜಾಸ್ತಿ ಕಾಣತ್ತೆ.

ಬೇಸ್‌ಬಾಲ್ ಟೀಮಿಂದ ದುಡ್ಡು ತಗೊಂಡ್ಮೇಲೂ ಕಾಲೇಜ್ ಫುಟ್‌ಬಾಲ್ ಆಡೋಕೆ ಬಿಡ್ತಾರಾ?

ಬಿಡ್ತಾರೆ. ಕಾಲೇಜ್ ಕ್ರೀಡೆಗಳನ್ನ ನಡೆಸೋ ಎನ್‌ಸಿಎಎ ನಿಯಮದ ಪ್ರಕಾರ ಒಂದು ಆಟದಲ್ಲಿ ಪ್ರೊಫೆಶನಲ್ ಆದವ್ನು ಇನ್ನೊಂದು ಆಟದಲ್ಲಿ ಅಮೆಚೂರ್ ಆಗಿರಬಹುದು. ರಾಕೀಸ್ ಅವನಿಗೆ 2 ಲಕ್ಷ ಡಾಲರ್ ಬೋನಸ್ ಕೊಟ್ರು, ಕಾಲೇಜಿಗೆ ಬೇಸ್‌ಬಾಲ್ ಆಡೋ ಹಕ್ಕು ಅಲ್ಲಿಗೆ ಹೋಯ್ತು, ಫುಟ್‌ಬಾಲ್ ಹಕ್ಕು ಉಳೀತು. ಬೇಸಿಗೇಲಿ ರಾಕೀಸ್, ಆಗಸ್ಟಿಂದ ಎನ್‌ಸಿ ಸ್ಟೇಟ್ ಅನ್ನೋ ಲೆಕ್ಕ. ಆ ವರ್ಷ ಟೀಮ್ 9 ಗೆದ್ದು 4 ಸೋತಿತು, ಅವ್ನು 3,563 ಗಜ ಪಾಸ್ ಮಾಡಿ 28 ಟಚ್‌ಡೌನ್ (ಚೆಂಡು ಎದುರಾಳಿಯ ಗೋಲ್ ಲೈನ್ ದಾಟಿಸಿ ಪಾಯಿಂಟ್ ಪಡೆಯೋದು) ಎಸೆದ.

ಬೇಸ್‌ಬಾಲಲ್ಲಿ ಫೇಲಾಗಿ ಫುಟ್‌ಬಾಲಿಗೆ ಬಂದ ಅಂತಾರಲ್ಲ?

ಎಲ್ಲಕ್ಕಿಂತ ಜಾಸ್ತಿ ಬರೋ ಪ್ರಶ್ನೆ ಇದು, ಸ್ವಲ್ಪ ಉದ್ದಕ್ಕೇ ಹೇಳ್ತೀನಿ.

ಮೊದಲು ಅಂಕಿ. 2010ರಲ್ಲಿ ರಾಕೀಸಿನ ಕೆಳ ಟೀಮ್ ಟ್ರೈ-ಸಿಟಿ ಡಸ್ಟ್ ಡೆವಿಲ್ಸ್ ಪರ 32 ಮ್ಯಾಚ್, ಸರಾಸರಿ .230 (ಸಾವಿರ ಸಲಕ್ಕೆ 230 ಹಿಟ್), 2 ಹೋಮ್ ರನ್ (ಮೈದಾನದಾಚೆ ಹೊಡೆತ, ಕ್ರಿಕೆಟ್ ಸಿಕ್ಸರ್ ಥರ). 2011ರಲ್ಲಿ ಆಶ್‌ವಿಲ್ ಟೂರಿಸ್ಟ್ಸ್ ಪರ 61 ಮ್ಯಾಚ್, ಸರಾಸರಿ .228, 3 ಹೋಮ್ ರನ್. ಎರಡೂ ಸೇರಿ 93 ಮ್ಯಾಚ್, 19 ಸಲ ಬೇಸ್ ಕದ್ದಿದಾನೆ (ಹೊಡೆತ ಇಲ್ದೇ ಮುಂದಿನ ಬೇಸ್‌ಗೆ ಓಡೋದು), 315 ಸಲ ಬ್ಯಾಟಿಂಗ್‌ಗೆ 118 ಸ್ಟ್ರೈಕ್‌ಔಟ್ (ಮೂರು ಸ್ಟ್ರೈಕಿಗೆ ಔಟ್). ಬೇಸ್‌ಬಾಲಲ್ಲಿ .300 ಹೊಡೆದ್ರೆ ಚೆನ್ನಾಗಿ ಆಡ್ದ ಅಂತ ಅರ್ಥ, .229 ಅಂದ್ರೆ ಕಮ್ಮಿನೇ, ಅದನ್ನ ಮುಚ್ಚಿಡೋಕಾಗಲ್ಲ. ಮೂರು ಸಲಕ್ಕೆ ಒಂದಕ್ಕಿಂತ ಜಾಸ್ತಿ ಸ್ಟ್ರೈಕ್‌ಔಟ್ ಅನ್ನೋದಂತೂ ಚಿಂತೆ ಮಾಡೋ ವಿಷ್ಯಾನೇ.

ಆದ್ರೆ ಅಂಕಿ ಓದೋವಾಗ ಒಂದು ವಿಷಯ ನೋಡಬೇಕು. ಬೇರೆ ಆಟಗಾರರು ವರ್ಷಪೂರ್ತಿ ಬ್ಯಾಟ್ ಹಿಡಿದು ಅಭ್ಯಾಸ ಮಾಡ್ತಿರೋವಾಗ ಇವ್ನು ಅರ್ಧ ವರ್ಷ ಬ್ಯಾಟೇ ಮುಟ್ತಿರಲಿಲ್ಲ. ಗಂಟೆಗೆ 90 ಮೈಲಿ ವೇಗದಲ್ಲಿ ಬರೋ ಚೆಂಡನ್ನ ಹೊಡೆಯೋದು ದಿನಾ ಮಾಡಿದ್ರೆ ಮಾತ್ರ ಕೈಗೆ ಹತ್ತೋ ಕೆಲಸ, ರಾಗಕ್ಕೆ ಸಾಧಕ ಮಾಡ್ದಂಗೆ, ನಾಲ್ಕು ತಿಂಗಳು ಬಿಟ್ರೆ ಕೈ ಮರೆತುಬಿಡತ್ತೆ. ಅದರ ಜೊತೆ ಅವ್ನು ಬಾಲ್‌ಗಳನ್ನ ಬಿಟ್ಟು ಕಾಯೋದ್ರಲ್ಲಿ ಜಾಣ, ಹಿಟ್ ಮತ್ತೆ ವಾಕ್ (ನಾಲ್ಕು ಕೆಟ್ಟ ಎಸೆತ ಬಿಟ್ರೆ ಸಿಗೋ ಉಚಿತ ಬೇಸ್) ಎಲ್ಲ ಸೇರಿ ಬೇಸ್ ಮೇಲೆ ಬರೋ ಪ್ರಮಾಣ ನೂರಕ್ಕೆ ಸುಮಾರು 35 ಇತ್ತು, ಅಷ್ಟು ಕಮ್ಮಿ ಸರಾಸರಿ ಇಟ್ಕೊಂಡು ಇದು ಒಳ್ಳೆ ಲೆಕ್ಕವೇ. ಏನನ್ನ ಹೊಡೀಬೇಕು, ಏನನ್ನ ಬಿಡಬೇಕು ಅನ್ನೋ ಕಣ್ಣು ಅವನಿಗಿತ್ತು, ಹೊಡೆಯೋ ಕೈ ಇನ್ನೂ ಪಳಗಿರಲಿಲ್ಲ.

ಮತ್ತೆ ಆ ಟೀಮ್‌ಗಳು ಕೆಳಹಂತದ್ದು (ಮೈನರ್ ಲೀಗ್). ಅಲ್ಲಿಂದ ಮೇಜರ್ ಲೀಗ್‌ಗೆ ಏರೋಕೆ ಇನ್ನೂ ಮೂರು ಮೆಟ್ಟಿಲಾದ್ರೂ ಇರತ್ತೆ, ಸಂಬಳ ಕಮ್ಮಿ, ಊರಿಂದ ಊರಿಗೆ ರಾತ್ರಿಯೆಲ್ಲ ಬಸ್ಸು. ಸಹಿ ಮಾಡಿದವ್ರಲ್ಲಿ ಬಹುಪಾಲು ಜನ ಆ ಮೆಟ್ಟಿಲಲ್ಲೇ ನಿಂತುಬಿಡ್ತಾರೆ. ಇವ್ನು ಅಲ್ಲೇ ಇದ್ದಿದ್ರೆ ಏನಾಗ್ತಿತ್ತು ಅಂತ ಯಾರೂ ಹೇಳೋಕಾಗಲ್ಲ, ಆದ್ರೆ 93 ಮ್ಯಾಚ್ ನೋಡಿ ಫೇಲ್ ಅನ್ನೋದು ಆತುರದ ಮಾತು.

ಒಂದು ಸಣ್ಣ ಸಂಗತಿ: ಡಸ್ಟ್ ಡೆವಿಲ್ಸ್ ಆಡೋದು ವಾಷಿಂಗ್ಟನ್ ರಾಜ್ಯದ ಪಾಸ್ಕೊ ಊರಲ್ಲಿ. ಅಂದ್ರೆ ಸಿಯಾಟಲ್ ಇರೋ ರಾಜ್ಯಕ್ಕೆ ಅವ್ನು ಮೊದಲು ಬಂದಿದ್ದು ಬೇಸ್‌ಬಾಲ್ ಆಟಗಾರನಾಗಿ.

ಎನ್‌ಸಿ ಸ್ಟೇಟ್ ಅಷ್ಟು ಒಳ್ಳೆ ಕ್ವಾರ್ಟರ್‌ಬ್ಯಾಕನ್ನ ಯಾಕೆ ಬಿಟ್ಟುಕೊಡ್ತು?

2011ರ ವಸಂತದಲ್ಲಿ ವಿಲ್ಸನ್ ರಾಕೀಸ್ ಕ್ಯಾಂಪಿಗೆ ಹೋದ, ಫುಟ್‌ಬಾಲ್ ಪ್ರಾಕ್ಟೀಸ್ ತಪ್ಪಿಸ್ಕೊಂಡ. ಕೋಚ್ ಟಾಮ್ ಓಬ್ರಿಯನ್‌ಗೆ ಪೂರ್ತಿ ಫುಟ್‌ಬಾಲಿಗೇ ಇರೋ ಹುಡುಗ ಬೇಕಿತ್ತು, ಮತ್ತೆ ಬೆಂಚಲ್ಲಿ ಮೈಕ್ ಗ್ಲೆನನ್ ಅನ್ನೋ ಎತ್ತರದ ಹುಡುಗ ಅವಕಾಶಕ್ಕೆ ಕಾಯ್ತಿದ್ದ, ಅವನಿಗೂ ಎಷ್ಟು ದಿನ ಕಾಯಿ ಅಂತ ಹೇಳೋಕಾಗತ್ತೆ? 2011ರ ಏಪ್ರಿಲ್ 29ಕ್ಕೆ ವಿಲ್ಸನ್‌ನ ಬಿಟ್ಟುಕೊಟ್ರು.

ಕೋಚ್‌ನ ಮುಠ್ಠಾಳ ಅಂತ ಬೈಯೋರು ಬಹಳ ಜನ. ನನಗೆ ಹಾಗೆ ಅನ್ಸಲ್ಲ. ಗ್ಲೆನನ್ ಕೂಡ 2013ರಲ್ಲಿ ಎನ್‌ಎಫ್‌ಎಲ್ ಡ್ರಾಫ್ಟಲ್ಲಿ 73ನೇ ಆಯ್ಕೆಯಾಗಿ ಹೋದ, ಅಂದ್ರೆ ವಿಲ್ಸನ್ ಹೋಗಿದ್ದಕ್ಕಿಂತ ಎರಡು ಸ್ಥಾನ ಮೇಲೆ. ಕೋಚ್ ಕಣ್ಣಿಗೆ ಇಬ್ರೂ ಒಂದೇ ಮಟ್ಟ ಕಂಡಿದ್ರೆ, ಪೂರ್ತಿ ಟೈಮ್ ಕೊಡೋನನ್ನ ಇಟ್ಕೊಂಡಿದ್ದು ಸಹಜ. ತೀರ್ಮಾನ ತಪ್ಪಾಯ್ತು, ಅನ್ಯಾಯ ಅಂತೂ ಅಲ್ಲ.

ಮತ್ತೆ ವಿಸ್ಕಾನ್ಸಿನ್ ಯೂನಿವರ್ಸಿಟಿಗೆ ನೇರವಾಗಿ ಹೋಗಿ ಆಡಿದ್ದು ಹೇಗೆ? ಕಾಲೇಜ್ ಬದಲಾಯಿಸಿದ್ರೆ ಒಂದು ವರ್ಷ ಕೂರಬೇಕಿತ್ತಲ್ಲ?

ನಾನು ಹೇಳಬೇಕು ಅಂತಿದ್ದ ಮುಖ್ಯ ವಿಷಯ ಇಲ್ಲೇ ಇದೆ.

ಆಗಿನ ನಿಯಮದಲ್ಲಿ ಕಾಲೇಜ್ ಬದಲಾಯಿಸಿದ ಫುಟ್‌ಬಾಲ್ ಆಟಗಾರ ಒಂದು ಸೀಸನ್ ಹೊರಗೆ ಕೂರಬೇಕಿತ್ತು. ವಿಲ್ಸನ್‌ಗೆ ಉಳಿದಿದ್ದೇ ಒಂದು ಸೀಸನ್, ಕೂತಿದ್ರೆ ಅಲ್ಲಿಗೆ ಕಥೆ ಮುಗೀತಿತ್ತು. ಆದ್ರೆ ಡಿಗ್ರಿ ಮುಗಿಸಿ, ಇನ್ನೂ ಆಡೋ ವರ್ಷ ಬಾಕಿ ಇದ್ದು, ಬೇರೆ ಯೂನಿವರ್ಸಿಟಿಗೆ ಪಿಜಿಗೆ ಸೇರೋರಿಗೆ ವಿನಾಯಿತಿ ಇತ್ತು, ಅವ್ರು ತಕ್ಷಣ ಆಡಬಹುದು. ಇವನ ಹತ್ರ ಡಿಗ್ರಿ ಇತ್ತು. ಎರಡು ಆಟದ ಮಧ್ಯೆ, ಬೇಸಿಗೆ ಕ್ಲಾಸು ಅದು ಇದು ಅಂತ ಓದನ್ನ ಮೂರು ವರ್ಷಕ್ಕೆ ಮುಗಿಸಿದ್ದು ಇಲ್ಲಿ ಕೈ ಹಿಡೀತು.

ಈಗ ಜೋಡಿಸಿ ನೋಡಿ. ಬೇಸ್‌ಬಾಲ್ ಇಲ್ದಿದ್ರೆ ಎನ್‌ಸಿ ಸ್ಟೇಟ್ ಅವನನ್ನ ಬಿಡ್ತಾನೇ ಇರಲಿಲ್ಲ, ಬಿಡದೇ ಇದ್ರೆ ವಿಸ್ಕಾನ್ಸಿನ್ ಇಲ್ಲ, ವಿಸ್ಕಾನ್ಸಿನ್ ಇಲ್ದಿದ್ರೆ ಇಡೀ ದೇಶ ನೋಡೋ ರೋಸ್ ಬೌಲ್ (ಜನವರಿಯ ದೊಡ್ಡ ಕಾಲೇಜ್ ಮ್ಯಾಚ್) ಇಲ್ಲ, ಮತ್ತೆ ಕ್ವಾರ್ಟರ್‌ಬ್ಯಾಕನ್ನ ಕಾಯೋ ಎನ್‌ಎಫ್‌ಎಲ್ ಲೈನ್‌ಮನ್‌ಗಳಷ್ಟೇ ದೈತ್ಯರ ಹಿಂದೆ ನಿಂತು ಈ ಕುಳ್ಳ ಎಸೀಬಲ್ಲ ಅಂತ ತೋರಿಸೋ ಅವಕಾಶವೂ ಇಲ್ಲ. ಬೇಸ್‌ಬಾಲ್ ಅವನ ದಾರಿ ತಪ್ಪಿಸ್ತು ಅನ್ನೋರು ಈ ಸರಪಳಿಯ ಒಂದು ಕೊಂಡಿ ತೆಗೆದು ನೋಡ್ಲಿ.

ಆಬರ್ನ್ ಯೂನಿವರ್ಸಿಟಿ ಕೂಡ ಕರೀತಿತ್ತು, ಅವ್ನು 2011ರ ಜೂನ್ ಕೊನೇಲಿ ವಿಸ್ಕಾನ್ಸಿನ್ ಅಂದ. ಅಲ್ಲಿವರೆಗೂ ಆಶ್‌ವಿಲಲ್ಲಿ ಬೇಸ್‌ಬಾಲ್ ಆಡ್ತಿದ್ದವ್ನು, ಹೊಸ ಪ್ಲೇಬುಕ್ ಕಲಿತು, ಕೆಲವೇ ವಾರದಲ್ಲಿ ಟೀಮಿನ ಹುಡುಗ್ರೇ ವೋಟ್ ಹಾಕಿ ಅವನನ್ನ ಒಬ್ಬ ಕ್ಯಾಪ್ಟನ್ ಮಾಡಿದ್ರು. 33 ಟಚ್‌ಡೌನ್ ಪಾಸ್, ಬರೀ 4 ಇಂಟರ್‌ಸೆಪ್ಷನ್ (ಎದುರಾಳಿ ಹಿಡಿದ ಪಾಸ್), ಪಾಸಿಂಗ್ ರೇಟಿಂಗ್ 191.8, ಅದೂ ಆಗಿನ ದಾಖಲೆ. ಅಕ್ಟೋಬರಲ್ಲಿ ಮಿಶಿಗನ್ ಸ್ಟೇಟ್ ಎದುರು ಕೊನೇ ಕ್ಷಣದ ಉದ್ದ ಪಾಸಿಗೆ 37–31ರಲ್ಲಿ ಸೋತಿದ್ರು, ಡಿಸೆಂಬರಲ್ಲಿ ಅದೇ ಟೀಮನ್ನ 42–39ರಲ್ಲಿ ಸೋಲಿಸಿ ಬಿಗ್ ಟೆನ್ ಕಾನ್ಫರೆನ್ಸಿನ ಮೊಟ್ಟಮೊದಲ ಚಾಂಪಿಯನ್‌ಶಿಪ್ ಮ್ಯಾಚ್ ಗೆದ್ರು. ರೋಸ್ ಬೌಲಲ್ಲಿ ಒರೆಗಾನ್‌ಗೆ 45–38ರಲ್ಲಿ ಸೋತ್ರು.

ಇಷ್ಟೆಲ್ಲ ಆಡಿದ್ರೂ ಡ್ರಾಫ್ಟಲ್ಲಿ 75ನೇ ಸ್ಥಾನ ಯಾಕೆ?

ಎತ್ತರ. ಬೇರೆ ಏನೂ ಅಲ್ಲ. ಅಳತೆ ಮಾಡಿದಾಗ 5 ಅಡಿ 11 ಇಂಚಿಗೂ ಸ್ವಲ್ಪ ಕಮ್ಮಿ ಬಂತು, ಎನ್‌ಎಫ್‌ಎಲ್‌ಗೆ 6 ಅಡಿ 3, 6 ಅಡಿ 4 ಇಂಚಿನ ಕ್ವಾರ್ಟರ್‌ಬ್ಯಾಕ್‌ಗಳೇ ಬೇಕಿತ್ತು, ಮುಂದಿರೋ ದೈತ್ಯರ ತಲೆ ಮೇಲಿಂದ ನೋಡಿ ಎಸೀಬೇಕಲ್ಲ ಅಂತ. ಬೆರಳು ಬಿಚ್ಚಿದ ಕೈಯ ಅಗಲ ಮಾತ್ರ ಹತ್ತೂ ಕಾಲು ಇಂಚು, ಆ ಎತ್ತರಕ್ಕೆ ತುಂಬಾ ದೊಡ್ಡದು, ಚೆಂಡು ಕೈಯಿಂದ ಜಾರಲ್ಲ.

2012ರ ಡ್ರಾಫ್ಟಲ್ಲಿ ಇವನಿಗಿಂತ ಮೊದಲು ಐದು ಕ್ವಾರ್ಟರ್‌ಬ್ಯಾಕ್ ಹೋದ್ರು: ಆಂಡ್ರೂ ಲಕ್, ರಾಬರ್ಟ್ ಗ್ರಿಫಿನ್, ರಯಾನ್ ಟ್ಯಾನೆಹಿಲ್, ಬ್ರ್ಯಾಂಡನ್ ವೀಡನ್, ಬ್ರಾಕ್ ಆಸ್‌ವೈಲರ್. ಇದ್ರಲ್ಲಿ ವೀಡನ್ ಕೂಡ ಬೇಸ್‌ಬಾಲಿಂದ ಬಂದವ್ನೇ, ಯಾಂಕೀಸ್ 2002ರಲ್ಲಿ ಪಿಚರ್ ಆಗಿ ತಗೊಂಡಿದ್ರು, ವರ್ಷಗಟ್ಟಲೆ ಅಲ್ಲಿ ಪ್ರಯತ್ನ ಮಾಡಿ ಆಮೇಲೆ ಕಾಲೇಜಿಗೆ ಹೋಗಿ, ಎನ್‌ಎಫ್‌ಎಲ್‌ಗೆ ಬರೋ ಹೊತ್ತಿಗೆ 28 ವರ್ಷ. ಅವನ ಜೊತೆ ಹೋಲಿಸಿದ್ರೆ ವಿಲ್ಸನ್ ಸರಿಯಾದ ಟೈಮಲ್ಲಿ ತೀರ್ಮಾನ ಮಾಡ್ದ ಅಂತ ಗೊತ್ತಾಗತ್ತೆ. 2012ರ ಜನವರಿಲೇ ರಾಕೀಸ್‌ಗೆ ಈ ಸಲ ಬರಲ್ಲ, ಫುಟ್‌ಬಾಲ್ ಕಡೆ ಹೋಗ್ತೀನಿ ಅಂತ ಹೇಳಿಬಿಟ್ಟಿದ್ದ.

ಸಿಯಾಟಲ್ ಅದೇ ವರ್ಷ ಮ್ಯಾಟ್ ಫ್ಲಿನ್ ಅನ್ನೋ ಕ್ವಾರ್ಟರ್‌ಬ್ಯಾಕಿಗೆ ದೊಡ್ಡ ದುಡ್ಡು ಕೊಟ್ಟು ಕರ್ಕೊಂಡಿತ್ತು. ಕೋಚ್ ಪೀಟ್ ಕ್ಯಾರಲ್ ಪ್ರಾಕ್ಟೀಸ್ ನೋಡಿ ಹೊಸ ಹುಡುಗನಿಗೇ ಜಾಗ ಕೊಟ್ರು. ಮೊದಲ ಸೀಸನ್ 26 ಟಚ್‌ಡೌನ್ ಪಾಸ್, ಹೊಸಬರಲ್ಲಿ ಪೇಟನ್ ಮ್ಯಾನಿಂಗ್ ಹೆಸರಲ್ಲಿದ್ದ ದಾಖಲೆಗೆ ಸಮ, ಟೀಮ್ 11 ಗೆಲುವು 5 ಸೋಲು.

ಬೇಸ್‌ಬಾಲ್ ಕಲಿಕೆ ಫುಟ್‌ಬಾಲಲ್ಲಿ ನಿಜವಾಗ್ಲೂ ಕಾಣ್ಸತ್ತಾ, ಇಲ್ಲಾ ಸುಮ್ನೆ ಹೇಳೋ ಮಾತಾ?

ಕಾಣ್ಸತ್ತೆ. ಅವನ ಹಳೇ ಮ್ಯಾಚ್ ಒಂದು ಹಾಕ್ಕೊಂಡು ನೋಡಿ.

ಡಬಲ್ ಪ್ಲೇ ಆಗೋವಾಗ ಸೆಕೆಂಡ್ ಬೇಸ್‌ಮನ್ ಏನ್ಮಾಡ್ತಾನೆ ಅಂತ ಮೊದ್ಲು ಹೇಳ್ತೀನಿ. ಶಾರ್ಟ್‌ಸ್ಟಾಪ್ (ಸೆಕೆಂಡ್, ಥರ್ಡ್ ಬೇಸ್ ಮಧ್ಯೆ ನಿಲ್ಲೋವ್ನು) ಎಸೆದ ಚೆಂಡು ಗ್ಲೌಸಿಗೆ ಬರತ್ತೆ, ಅದೇ ಹೊತ್ತಿಗೆ ಕಾಲು ಬೇಸ್ ಮುಟ್ಟಬೇಕು, ಎದುರಿಂದ ಓಡಿ ಬರೋ ಆಟಗಾರ ಕಾಲು ಮುಂದೆ ಮಾಡಿ ಜಾರ್ಕೊಂಡು ಅವನ ಮೊಣಕಾಲಿಗೇ ಬರ್ತಿರ್ತಾನೆ, ಇವ್ನು ಸೊಂಟ ತಿರುಗಿಸಿ, ಒಂದು ಕಾಲು ಮೇಲೆತ್ತಿ, ಭುಜದ ಮೇಲಿಂದ ಎಸೆಯೋಕೆ ಟೈಮಿಲ್ಲ ಅಂದ್ರೆ ಪಕ್ಕದಿಂದ, ಸೊಂಟದ ಹತ್ರದಿಂದ, ಹೇಗಾಗತ್ತೋ ಹಾಗೆ ಫಸ್ಟ್ ಬೇಸ್‌ಗೆ ಎಸೀಬೇಕು, ಅದೂ ಎದೆ ಮಟ್ಟಕ್ಕೇ ಹೋಗಬೇಕು. ಇದೆಲ್ಲ ಒಂದು ಸೆಕೆಂಡ್ ಒಳಗೆ.

ಈಗ ವಿಲ್ಸನ್ ಪಾಕೆಟಿಂದ (ಲೈನ್‌ಮನ್‌ಗಳು ಸುತ್ತ ಕಾಯೋ ಜಾಗ) ಹೊರಗೆ ಓಡಿ ಎಸೆಯೋದು ನೋಡಿ. ಕಾಲು ಒಂದು ದಿಕ್ಕು, ಭುಜ ಇನ್ನೊಂದು ದಿಕ್ಕು, ಹಿಂದಿಂದ ಒಬ್ಬ ಜರ್ಸಿ ಹಿಡಿದು ಎಳೀತಿದಾನೆ, ಆದ್ರೂ ಮೊಣಕೈ ಎಲ್ಲಿ ಸಿಕ್ತೋ ಅಲ್ಲಿಂದ ಚೆಂಡು ಬಿಡ್ತಾನೆ ಮತ್ತೆ ಅದು ನೇರ ಹೋಗತ್ತೆ. ಪಾದ ನೆಟ್ಟಗಿಟ್ಟು ಭುಜ ಎತ್ತಿ ಎಸೀಬೇಕು ಅಂತ ಕಲಿಸಿದ ಹಳೇ ಶಾಲೆಯ ಕ್ವಾರ್ಟರ್‌ಬ್ಯಾಕಿಗೆ ಇದು ಸುಲಭಕ್ಕೆ ಬರಲ್ಲ. ಕುಳ್ಳನಾದವ್ನು ದೈತ್ಯರ ಕೈಗಳ ಸಂದಿಯಲ್ಲಿ ದಾರಿ ಹುಡುಕ್ಕೋಬೇಕಾದ್ರೆ ಈ ವಿದ್ಯೆ ಬೇಕೇ ಬೇಕು.

ಎರಡನೇದು ಸ್ಲೈಡ್. ಓಡೋ ಕ್ವಾರ್ಟರ್‌ಬ್ಯಾಕ್ ಕಾಲು ಮುಂದೆ ಮಾಡಿ ನೆಲಕ್ಕೆ ಜಾರಿದ್ರೆ ಅವನ ಮೇಲೆ ಬೀಳೋ ಹಾಗಿಲ್ಲ, ಪ್ಲೇ ಅಲ್ಲಿಗೇ ಮುಗೀತು. ಬಹಳ ಜನಕ್ಕೆ ಇದು ಸರಿಯಾಗಿ ಬರಲ್ಲ, ತಡವಾಗಿ ಜಾರಿ ಪೆಟ್ಟು ತಿಂತಾರೆ. ಬೇಸ್ ಕದಿಯೋಕೆ ಸಾವಿರ ಸಲ ಜಾರಿದವನಿಗೆ ಅದು ಉಸಿರಾಡಿದಷ್ಟೇ ಸಲೀಸು. ವಿಲ್ಸನ್ ಸಿಯಾಟಲ್ ಪರ ಸತತ 149 ಮ್ಯಾಚ್ ಸ್ಟಾರ್ಟ್ ಮಾಡ್ದ, ಮೊದಲನೇ ಸಲ ಮ್ಯಾಚ್ ತಪ್ಪಿಸ್ಕೊಂಡಿದ್ದು 2021ರ ಅಕ್ಟೋಬರಲ್ಲಿ, ಅದೂ ಬೆರಳಿಗೆ ಪೆಟ್ಟಾಗಿ. ಅಷ್ಟೊಂದು ಓಡೋ ಆಟಗಾರ ಅಷ್ಟು ವರ್ಷ ಗಟ್ಟಿಯಾಗಿ ನಿಂತಿದ್ದಕ್ಕೆ ಬೇಸ್‌ಬಾಲ್ ಸ್ಲೈಡಿಗೆ ದೊಡ್ಡ ಪಾಲು ಕೊಡಬೇಕು ಅನ್ನೋದು ನನ್ನ ಅಭಿಪ್ರಾಯ.

ಸೂಪರ್ ಬೌಲ್ ಎರಡರ ಕಥೆ ಹೇಳಿ.

ಮೊದಲನೇದು 2014ರ ಫೆಬ್ರವರಿ 2, ನ್ಯೂಜೆರ್ಸಿಯ ಮೆಟ್‌ಲೈಫ್ ಸ್ಟೇಡಿಯಂ, ಎದುರಾಳಿ ಡೆನ್ವರ್ ಬ್ರಾಂಕೋಸ್. 43–8. ಅಷ್ಟೇ, ಅದು ಮ್ಯಾಚೇ ಆಗಲಿಲ್ಲ, ಸಿಯಾಟಲ್ ಡಿಫೆನ್ಸ್ ಉರುಳಿಸಿಬಿಡ್ತು. ವಿಲ್ಸನ್ 206 ಗಜ, 2 ಟಚ್‌ಡೌನ್. ಡಗ್ ವಿಲಿಯಮ್ಸ್ ಆದ್ಮೇಲೆ ಸೂಪರ್ ಬೌಲ್ ಗೆದ್ದ ಎರಡನೇ ಕಪ್ಪು ಕ್ವಾರ್ಟರ್‌ಬ್ಯಾಕ್ ಇವ್ನು.

ಎರಡನೇದು 2015ರ ಫೆಬ್ರವರಿ 1, ನ್ಯೂ ಇಂಗ್ಲೆಂಡ್ ಪೇಟ್ರಿಯಟ್ಸ್ ಎದುರು. ಅಲ್ಲಿಗೆ ಬಂದಿದ್ದೇ ಪವಾಡ, ಹಿಂದಿನ ಮ್ಯಾಚಲ್ಲಿ ಗ್ರೀನ್ ಬೇ ಎದುರು 4 ಇಂಟರ್‌ಸೆಪ್ಷನ್ ಎಸೆದು, 16–0 ಹಿಂದಿದ್ದವ್ರು ಓವರ್‌ಟೈಮಲ್ಲಿ 28–22ರಲ್ಲಿ ಗೆದ್ದಿದ್ರು. ಸೂಪರ್ ಬೌಲಲ್ಲಿ 28–24 ಹಿಂದೆ, ಅರ್ಧ ನಿಮಿಷಕ್ಕಿಂತ ಕಮ್ಮಿ ಬಾಕಿ, ಚೆಂಡು ಗೋಲ್ ಲೈನಿಗೆ ಒಂದೇ ಗಜ ದೂರದಲ್ಲಿ. ಪಕ್ಕದಲ್ಲಿ ಮಾರ್ಶಾನ್ ಲಿಂಚ್, ಒಂದು ಗಜ ತಳ್ಳೋಕೆ ಅವನಿಗಿಂತ ಬಲಶಾಲಿ ಆ ಕಾಲದಲ್ಲಿ ಇರಲಿಲ್ಲ. ಅವನಿಗೆ ಕೊಡಲಿಲ್ಲ. ಪಾಸ್ ಪ್ಲೇ ಕಳಿಸಿದ್ರು, ವಿಲ್ಸನ್ ರಿಕಾರ್ಡೊ ಲಾಕೆಟ್‌ಗೆ ಎಸೆದ, ಮಾಲ್ಕಮ್ ಬಟ್ಲರ್ ಅನ್ನೋ ಹೊಸ ಹುಡುಗ ಮಧ್ಯೆ ನುಗ್ಗಿ ಹಿಡಿದುಬಿಟ್ಟ. ಮುಗೀತು. ಇವತ್ತಿಗೂ ಸಿಯಾಟಲ್‌ನವ್ರ ಮುಂದೆ ಈ ಮಾತು ತೆಗೆದ್ರೆ ಅರ್ಧ ಗಂಟೆ ನಿಲ್ಲಲ್ಲ. ಪ್ಲೇ ಆರಿಸಿದ್ದು ವಿಲ್ಸನ್ ಅಲ್ಲ, ಕೋಚಿಂಗ್ ಕಡೆಯಿಂದ ಬಂದಿದ್ದು, ಆದ್ರೆ ಎಸೆದಿದ್ದು ಅವ್ನೇ, ಹೊಣೆ ನಂದು ಅಂತ ಅವ್ನು ಒಪ್ಕೊಂಡ.

ಸೂಪರ್ ಬೌಲ್ ಗೆದ್ದ ಮೇಲೂ ಬೇಸ್‌ಬಾಲ್ ಟೀಮ್‌ಗಳು ಅವನ ಹಿಂದೆ ಬಿದ್ದಿದ್ದು ಯಾಕೆ?

2013ರ ಡಿಸೆಂಬರಲ್ಲಿ ಟೆಕ್ಸಸ್ ರೇಂಜರ್ಸ್ ಅವನ ಹಕ್ಕನ್ನ ರಾಕೀಸಿಂದ ರೂಲ್ 5 ಡ್ರಾಫ್ಟಲ್ಲಿ (ಬೇರೆ ಟೀಮಿನ ಮೈನರ್ ಲೀಗ್ ಆಟಗಾರರನ್ನ ಆರಿಸೋದು) ತಗೊಂಡ್ರು, ಅಂದ್ರೆ ಕಾಗದದ ಮೇಲೆ ಅವ್ನು ಇನ್ನೂ ಮೈನರ್ ಲೀಗ್ ಆಟಗಾರನೇ. 2014ರ ಮಾರ್ಚಲ್ಲಿ, ಚಾಂಪಿಯನ್ ಆದ ಒಂದೇ ತಿಂಗಳಿಗೆ, ಅರಿಝೋನಾದ ಅವ್ರ ಕ್ಯಾಂಪಿಗೆ ಹೋಗಿ ಸೆಕೆಂಡ್ ಬೇಸಲ್ಲಿ ಚೆಂಡು ಹಿಡಿದು ಬಂದ. 2018ರ ಫೆಬ್ರವರಿಲಿ ಯಾಂಕೀಸ್‌ಗೆ ಟ್ರೇಡ್ ಆಯ್ತು, ಅಲ್ಲಿ ಒಂದು ಪ್ರಾಕ್ಟೀಸ್ ಮ್ಯಾಚಲ್ಲಿ ಬ್ಯಾಟ್ ಹಿಡಿದು ಬ್ರೇವ್ಸ್ ಎದುರು ಸ್ಟ್ರೈಕ್‌ಔಟ್ ಆದ. ಪ್ರಚಾರ ಅಂತ ಕೆಲವ್ರು ಮೂಗು ಮುರಿದ್ರು. ಟೀಮ್‌ಗಳಿಗೆ ಬೇಕಿದ್ದದ್ದು ಅವ್ನು ತಮ್ಮ ಹುಡುಗ್ರ ಜೊತೆ ನಾಲ್ಕು ದಿನ ಕೂತು, ಹೇಗೆ ತಯಾರಾಗ್ತೀನಿ ಅಂತ ಹೇಳೋದು. ಅವನಿಗೆ ಬೇಕಿದ್ದದ್ದು ಬ್ಯಾಟು. ಇಬ್ರಿಗೂ ಲಾಭ, ನನಗೆ ತಪ್ಪೇನೂ ಕಾಣಲ್ಲ.

ದುಡ್ಡಿನ ಲೆಕ್ಕದಲ್ಲಿ ಯಾವ ಆಟ ಒಳ್ಳೇದಿತ್ತು?

ಸಾಮಾನ್ಯವಾಗಿ ಬೇಸ್‌ಬಾಲ್ ಒಪ್ಪಂದಗಳು ಪೂರ್ತಿ ಗ್ಯಾರಂಟಿ, ಫುಟ್‌ಬಾಲಲ್ಲಿ ಹಾಗಿಲ್ಲ, ಪೆಟ್ಟಾಗೋ ಭಯಾನೂ ಫುಟ್‌ಬಾಲಲ್ಲೇ ಜಾಸ್ತಿ. ವಿಲ್ಸನ್ ಮೊದಲ ಒಪ್ಪಂದ ನಾಲ್ಕು ವರ್ಷಕ್ಕೆ ಸುಮಾರು 30 ಲಕ್ಷ ಡಾಲರ್, ಅಷ್ಟು ಕಮ್ಮಿಗೆ ಸಿಕ್ಕಿದ್ದಕ್ಕೇ ಸಿಯಾಟಲ್ ಉಳಿದ ದುಡ್ಡಲ್ಲಿ ಅಂಥ ಡಿಫೆನ್ಸ್ ಕಟ್ಟೋಕಾಯ್ತು. ಆಮೇಲೆ 2015ರಲ್ಲಿ 8.76 ಕೋಟಿ, 2019ರಲ್ಲಿ 14 ಕೋಟಿ ಡಾಲರ್, ಎರಡೂ ನಾಲ್ಕು ನಾಲ್ಕು ವರ್ಷದ್ದು.

ಡೆನ್ವರಲ್ಲಿ ಯಾಕೆ ಕೆಟ್ಟೋಯ್ತು?

2022ರ ಮಾರ್ಚಲ್ಲಿ ಬ್ರಾಂಕೋಸ್ ಅವನಿಗೋಸ್ಕರ ಎರಡು ಫಸ್ಟ್ ರೌಂಡ್, ಎರಡು ಸೆಕೆಂಡ್ ರೌಂಡ್ ಡ್ರಾಫ್ಟ್ ಆಯ್ಕೆಗಳನ್ನ, ಜೊತೆಗೆ ಮೂರು ಆಟಗಾರರನ್ನ ಕೊಟ್ರು, ಒಂದು ಮ್ಯಾಚೂ ಆಡೋ ಮೊದಲೇ 24.5 ಕೋಟಿ ಡಾಲರ್ ಹೊಸ ಒಪ್ಪಂದ ಬೇರೆ. ಟೀಮ್ ಆ ವರ್ಷ 5 ಗೆದ್ದು 12 ಸೋತಿತು. ಮುಂದಿನ ವರ್ಷ ಶಾನ್ ಪೇಟನ್ ಕೋಚ್ ಆಗಿ ಬಂದ್ರು, ಅವನ ಆಟ ಸುಧಾರಿಸ್ತು, 26 ಟಚ್‌ಡೌನ್‌ಗೆ 8 ಇಂಟರ್‌ಸೆಪ್ಷನ್, ಆದ್ರೂ ಕೊನೇ ಎರಡು ಮ್ಯಾಚಿಗೆ ಬೆಂಚಲ್ಲಿ ಕೂರಿಸಿ 2024ರ ಮಾರ್ಚಲ್ಲಿ ಬಿಟ್ಟುಬಿಟ್ರು. ಬಿಟ್ಟಿದ್ದರ ಭಾರ ಟೀಮಿನ ಸಂಬಳದ ಮಿತಿ ಮೇಲೆ 8.5 ಕೋಟಿ ಡಾಲರ್ ಬಿತ್ತು, ಲೀಗ್ ಇತಿಹಾಸದಲ್ಲೇ ಆಗ ಅದು ಅತಿ ದೊಡ್ಡದು.

ನನ್ನ ಪ್ರಕಾರ ಕಾರಣ ಸರಳ. ಅವನ ಆಟ ಕಾಲಿನ ಮೇಲೆ ನಿಂತಿದ್ದು. ಪಾಕೆಟ್ ಒಡೆದಾಗ ಓಡಿ ಜಾಗ ಮಾಡ್ಕೊಂಡು ಎಸೆಯೋದೇ ಅವನ ಬಲ, 34 ವಯಸ್ಸಿಗೆ ಮೊದಲಿನ ಚುರುಕಿಲ್ಲ, ಪಾಕೆಟ್ ಒಳಗೇ ನಿಂತು ಮಧ್ಯ ಮೈದಾನಕ್ಕೆ ಬೇಗ ಎಸೆಯೋದು ಅವನ ಗಟ್ಟಿ ವಿಷಯ ಯಾವತ್ತೂ ಆಗಿರಲಿಲ್ಲ. ಆಮೇಲೆ 2024ರಲ್ಲಿ ಪಿಟ್ಸ್‌ಬರ್ಗ್ ಸ್ಟೀಲರ್ಸ್, 2025ರಲ್ಲಿ ನ್ಯೂಯಾರ್ಕ್ ಜೈಂಟ್ಸ್. ಜೈಂಟ್ಸಲ್ಲಿ ಡಲ್ಲಾಸ್ ಎದುರು ಒಂದೇ ಮ್ಯಾಚಲ್ಲಿ 450 ಗಜ ಎಸೆದು ಹಳೇ ವಿಲ್ಸನ್ ಬಂದ ಅನ್ನಿಸ್ದ, ಮೊದಲ ಮೂರು ಮ್ಯಾಚೂ ಸೋತಿದ್ದಕ್ಕೆ ಹೊಸ ಹುಡುಗ ಜ್ಯಾಕ್ಸನ್ ಡಾರ್ಟ್‌ಗೆ ಜಾಗ ಹೋಯ್ತು.

ಬೇಸ್‌ಬಾಲಿಂದ ಫುಟ್‌ಬಾಲಿಗೆ ಬಂದವ್ರು ಇನ್ಯಾರಿದಾರೆ?

ಜಾನ್ ಎಲ್ವೇ: ಸ್ಟ್ಯಾನ್‌ಫರ್ಡಲ್ಲಿ ಎರಡೂ ಆಡ್ದ, 1982ರ ಬೇಸಿಗೇಲಿ ಯಾಂಕೀಸಿನ ಕೆಳ ಟೀಮಿಗೆ .318 ಹೊಡೆದ, ಮುಂದಿನ ವರ್ಷ ತನಗಿಷ್ಟ ಇಲ್ಲದ ಫುಟ್‌ಬಾಲ್ ಟೀಮ್ ಆರಿಸಿದಾಗ ಬೇಸ್‌ಬಾಲಿಗೇ ಹೋಗ್ತೀನಿ ಅಂತ ಹೆದರಿಸಿ ಡೆನ್ವರ್‌ಗೆ ಬಂದ, ಎರಡು ಸೂಪರ್ ಬೌಲ್ ಗೆದ್ದ. 2012ರಲ್ಲಿ ಡೆನ್ವರ್ ಆಡಳಿತ ಅವನ ಕೈಲೇ ಇತ್ತು, ಅವ್ನು ಎತ್ತರದ ಆಸ್‌ವೈಲರ್‌ನ ತಗೊಂಡ, ಎರಡು ವರ್ಷ ಆದ್ಮೇಲೆ ಅದೇ ಡೆನ್ವರನ್ನ ವಿಲ್ಸನ್ 43–8ರಲ್ಲಿ ಸೋಲಿಸಿದ.

ಬೋ ಜ್ಯಾಕ್ಸನ್ ಎರಡೂ ಲೀಗಲ್ಲಿ ಆಲ್-ಸ್ಟಾರ್ ಮಟ್ಟ ಮುಟ್ಟಿದವ್ನು, 1991ರಲ್ಲಿ ಸೊಂಟದ ಪೆಟ್ಟು ಅವನ ಫುಟ್‌ಬಾಲ್ ಮುಗಿಸ್ತು. ಡಿಯಾನ್ ಸ್ಯಾಂಡರ್ಸ್ ವರ್ಲ್ಡ್ ಸೀರೀಸ್ (ಬೇಸ್‌ಬಾಲ್ ಫೈನಲ್), ಸೂಪರ್ ಬೌಲ್ ಎರಡರಲ್ಲೂ ಆಡಿದ ಒಬ್ಬನೇ ಆಟಗಾರ. ಕೈಲರ್ ಮರ್ರೆ 2018ರಲ್ಲಿ ಓಕ್ಲೆಂಡ್ ಬೇಸ್‌ಬಾಲ್ ಟೀಮಿನ 9ನೇ ಆಯ್ಕೆ, 46 ಲಕ್ಷ ಡಾಲರಿಗೂ ಜಾಸ್ತಿ ಬೋನಸ್ ಒಪ್ಪಿದ್ದ, ಅದೇ ವರ್ಷ ಹೈಸ್ಮನ್ ಟ್ರೋಫಿ (ಕಾಲೇಜ್ ಫುಟ್‌ಬಾಲ್‌ನ ಅತ್ಯುತ್ತಮ ಆಟಗಾರನಿಗೆ ಕೊಡೋದು) ಗೆದ್ದು 2019ರಲ್ಲಿ ಎನ್‌ಎಫ್‌ಎಲ್‌ನ ಮೊದಲನೇ ಆಯ್ಕೆ ಆದ. ಅವ್ನು ವಿಲ್ಸನ್‌ಗಿಂತ್ಲೂ ಕುಳ್ಳ. ವಿಲ್ಸನ್ ಏಳು ವರ್ಷ ಮೊದಲು ಆಡಿ ತೋರಿಸದೇ ಇದ್ದಿದ್ರೆ ಅಷ್ಟು ಕುಳ್ಳ ಕ್ವಾರ್ಟರ್‌ಬ್ಯಾಕಿಗೆ ಮೊದಲ ಆಯ್ಕೆ ಖರ್ಚು ಮಾಡೋ ಧೈರ್ಯ ಯಾವ ಟೀಮಿಗೂ ಬರ್ತಿರಲಿಲ್ಲ ಅನ್ನೋದು ನನ್ನ ನಂಬಿಕೆ.

ಹಾಲ್ ಆಫ್ ಫೇಮಿಗೆ ಹೋಗ್ತಾನಾ?

ಅದು ಫುಟ್‌ಬಾಲ್ ದಿಗ್ಗಜರಿಗೆ ಸಿಗೋ ದೊಡ್ಡ ಗೌರವ, ಆಟ ಬಿಟ್ಟು ಐದು ವರ್ಷ ಆದ್ಮೇಲೆ ಮಾತ್ರ ಹೆಸರು ಪರಿಗಣಿಸ್ತಾರೆ. ಪರವಾಗಿ: ಸಿಯಾಟಲಲ್ಲಿ 104 ಗೆಲುವು, 292 ಟಚ್‌ಡೌನ್ ಪಾಸ್, ಒಟ್ಟು 10 ಸಲ ಪ್ರೋ ಬೌಲ್ (ಎನ್‌ಎಫ್‌ಎಲ್‌ನ ಆಲ್-ಸ್ಟಾರ್) ಆಯ್ಕೆ, ಒಂದು ಸೂಪರ್ ಬೌಲ್, ಸಮಾಜಸೇವೆಗೆ ಕೊಡೋ 2020ರ ವಾಲ್ಟರ್ ಪೇಟನ್ ಪ್ರಶಸ್ತಿ. ವಿರುದ್ಧವಾಗಿ: ಒಂದು ವರ್ಷವೂ ಎಂವಿಪಿ (ಲೀಗಿನ ವರ್ಷದ ಅತ್ಯುತ್ತಮ ಆಟಗಾರ) ಆಗಲಿಲ್ಲ, ಮತ್ತೆ ಡೆನ್ವರ್‌ಗೆ ಹೋದ್ಮೇಲಿನ ವರ್ಷಗಳು. ನನ್ನ ವೋಟ್ ಇದ್ದಿದ್ರೆ ಹಾಕ್ತಿದ್ದೆ, ಹತ್ತು ವರ್ಷದಲ್ಲಿ ಒಂಬತ್ತು ವರ್ಷ ಟೀಮನ್ನ ಗೆಲುವು ಜಾಸ್ತಿ ಇರೋ ಸೀಸನ್‌ಗೆ ಕರ್ಕೊಂಡು ಹೋದವ್ನು, ಕೊನೇ ನಾಲ್ಕು ವರ್ಷ ನೋಡಿ ಅದನ್ನ ಅಳಿಸೋಕಾಗಲ್ಲ.